ಕೆಫ್ಲವಿಕ್ ಮೀನಿನ ಟೆಕ್ಸಸ್ ಯಾತ್ರೆ

ಕೆಫ್ಲವಿಕ್

ಟೆಕ್ಸಸ್‌ಗೆ ಹೋದವರು ಕೌಬಾಯ್ ಟೋಪಿ ಹಾಕಿಕೊಂಡು ಫೋಟೊ ಹೊಡೆಸಿಕೊಂಡು ಬರುತ್ತಾರೆ. ನಾನು ಅಲ್ಲಿದ್ದಷ್ಟು ದಿನವೂ ಒಂದು ಒಣಮೀನಿಗೆ ಕಾವಲು ಕೂತಿದ್ದೆ. ಹೀಗೆಂದರೆ ಯಾರೂ ನಂಬುವುದಿಲ್ಲವಾದ್ದರಿಂದ ಮೊದಲಿನಿಂದಲೇ ಹೇಳುತ್ತೇನೆ.

ನನ್ನ ಊರು ಮಲ್ಪೆ. ಮಂಗಳೂರಿನ ಕಾಲೇಜಿನಲ್ಲಿ ಮೀನು ಸಂಸ್ಕರಣೆಯ ಪಾಠ ಹೇಳುತ್ತೇನೆ. ಮೀನು ಒಣಗಿಸುವ ತರಬೇತಿಗೆಂದು ನನ್ನನ್ನು ಐಸ್‌ಲ್ಯಾಂಡ್‌ಗೆ ಕಳಿಸುತ್ತಾರೆ ಎಂದಾಗ ನಮ್ಮತ್ತೆ, "ಮಲ್ಪೆಯವಳಿಗೆ ಮೀನು ಒಣಗಿಸ್ಲಿಕ್ಕೆ ಕಲಿಸುವವರು ಯಾರಪ್ಪ? ಅಲ್ಲಿ ಬಿಸಿಲೇ ಇಲ್ವಂತೆ!" ಎಂದು ಬಿದ್ದು ಬಿದ್ದು ನಕ್ಕಿದ್ದರು. ಬಿಸಿಲಿಲ್ಲ, ನಿಜ. ಅಲ್ಲಿ ಮೀನು ಒಣಗುವುದು ಗಾಳಿಗೆ. ಆ ಗಾಳಿಯಲ್ಲಿ ನಾನು ಬಿಚ್ಚಿದ ಮೊದಲ ಕೊಡೆ ಈಗ ಗ್ರೀನ್‌ಲ್ಯಾಂಡ್‌ನಲ್ಲಿರಬೇಕು.

ನಾನು ಉಳಿದುಕೊಂಡಿದ್ದು ಕೆಫ್ಲವಿಕ್ ಎಂಬ ಊರಿನಲ್ಲಿ, ಇಂಗಾ ಎಂಬ ಎಂಬತ್ತರ ಹತ್ತಿರದ ಅಜ್ಜಿಯ ಮನೆಯಲ್ಲಿ. ಮರವೇ ಇಲ್ಲದ ಕರಿಕಲ್ಲಿನ ಬಯಲು, ತಗಡು ಹೊದ್ದ ಮನೆಗಳು, ಮುಂದೆ ಸಮುದ್ರ. ಒಂದು ಕಾಲಕ್ಕೆ ಅಲ್ಲಿದ್ದದ್ದು ದೋಣಿ, ಕಾಡ್ ಎಂಬ ಕಡಲಮೀನು ಮತ್ತು ಮೀನಿನ ಮಾತು. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಸೈನ್ಯ ಬಂದು ಆ ಕಲ್ಲುಬಯಲನ್ನು ಸಮತಟ್ಟು ಮಾಡಿ ವಿಮಾನ ನಿಲ್ದಾಣ ಕಟ್ಟಿತು. ಅಲ್ಲಿಂದ ಊರಿನ ಹಣೆಬರಹವೇ ಬದಲಾಯಿತು. ಬಲೆ ಹೆಣೆಯುತ್ತಿದ್ದವರ ಮಕ್ಕಳು ಸೈನ್ಯದ ಕ್ಯಾಂಟೀನಿನಲ್ಲಿ ಕೆಲಸಕ್ಕೆ ಸೇರಿದರು, ಚೂಯಿಂಗ್ ಗಮ್ ಜಗಿದರು, ಸೈನ್ಯದವರ ರೇಡಿಯೊ ಕೇಳಿ ಗಿಟಾರ್ ಹಿಡಿದರು. ಸೈನ್ಯ ಬೇಡವೆಂದು ಮೆರವಣಿಗೆ ಹೊರಟವರೂ ಇದ್ದರು. ಒಂದೇ ಮನೆಯಲ್ಲಿ ಒಬ್ಬರು ಗಿಟಾರ್ ಹಿಡಿದರೆ ಇನ್ನೊಬ್ಬರು ಮೆರವಣಿಗೆಯ ಫಲಕ ಹಿಡಿಯುತ್ತಿದ್ದರಂತೆ. ಬರಬರುತ್ತ ದೋಣಿಗಳು ಕಡಿಮೆಯಾದವು, ಸೈನ್ಯವೂ ಗಂಟುಮೂಟೆ ಕಟ್ಟಿತು, ಅವರ ವಸತಿಗಳಲ್ಲಿ ವಿದ್ಯಾರ್ಥಿಗಳು ಬಂದು ಕೂತರು. ಈಗ ಪ್ರವಾಸಿಗಳ ಕಾಲ. ಊರಿನ ಅರ್ಧ ಜನ ವಿಮಾನ ನಿಲ್ದಾಣದಲ್ಲೇ ದುಡಿಯುತ್ತಾರೆ.

ಇಂಗಾಳ ಅಪ್ಪ ಮೆರವಣಿಗೆಯವನು. ಆ ನಿಲ್ದಾಣದ ನೆಲವನ್ನು ಮೆಟ್ಟುವುದಿಲ್ಲ ಎಂದು ಶಪಥ ಮಾಡಿದ್ದನಂತೆ. ಅವನ ದೊಡ್ಡ ಮಗಳು ಹುಲ್ಡಾ ಸೈನ್ಯದ ಒಬ್ಬ ಮೆಕ್ಯಾನಿಕ್‌ನನ್ನು ಮದುವೆಯಾಗಿ ಟೆಕ್ಸಸ್‌ಗೆ ಹೊರಟು ನಿಂತಳು. ಆ ಮನೆಯಲ್ಲೊಂದು ಪದ್ಧತಿಯಿತ್ತು. ಊರು ಬಿಟ್ಟು ಹೊರಡುವವರಿಗೆ ಅಪ್ಪ ಒಂದು ಇಡೀ ಒಣಮೀನನ್ನು, ಕೊಡತಿಯಿಂದ ಬಡಿಯದೆ, ಹಾಗೇ ಕೊಡಬೇಕು. ಆ ಮೀನು ಹಲಗೆಯಷ್ಟು ಗಟ್ಟಿ. ಕಲ್ಲಿನ ತಲೆಯ ಕೊಡತಿಯಿಂದ ಬಡಿದು ಮೆತ್ತಗೆ ಮಾಡದೆ ಹಲ್ಲಿಗೆ ಬಗ್ಗುವುದಿಲ್ಲ. ಕೊಡತಿ ಮನೆಯಲ್ಲೇ ಉಳಿಯುತ್ತದೆ, ಮೀನು ಹೊರಡುತ್ತದೆ. ಹೋದವರು ತಲುಪಿದ ಕಡೆ ಸಿಕ್ಕಿದ್ದರಿಂದ ಬಡಿದು ತಿನ್ನಬೇಕು. ಹುಲ್ಡಾ ಹೊರಟಾಗ ಅಪ್ಪ ಮೀನು ಕೊಡಲಿಲ್ಲ. ಕಳಿಸಿಕೊಡಲು ನಿಲ್ದಾಣಕ್ಕೂ ಬರಲಿಲ್ಲ. ಅಪ್ಪ ಬಂದು ಕರೆಯದೆ ಆ ನೆಲದಲ್ಲಿ ಇಳಿಯುವುದಿಲ್ಲ ಎಂದು ಮಗಳೂ ಶಪಥ ಮಾಡಿದಳು. ಅಪ್ಪ ಸತ್ತು ಎಷ್ಟೋ ಕಾಲವಾಯಿತು. ಅಕ್ಕತಂಗಿಯರ ನಡುವೆ ಉಳಿದದ್ದು ಕ್ರಿಸ್‌ಮಸ್ಸಿಗೊಂದು ಕಾರ್ಡು.

"ನೀವೇ ಹೋಗಬಹುದಲ್ಲ?" ಎಂದು ನಾನು ಕೇಳಿದೆ. ಇಂಗಾ ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದಳು. ಜೀವಮಾನವಿಡೀ ವಿಮಾನ ನಿಲ್ದಾಣದ ಅಡುಗೆಮನೆಯಲ್ಲಿ ದುಡಿದ ಈ ಮಹಾತಾಯಿ ಒಮ್ಮೆಯೂ ವಿಮಾನ ಹತ್ತಿಲ್ಲ. ಅವಳಿಗೆ ಭಯ.

ತರಬೇತಿ ಮುಗಿಸಿ ಮನೆಗೆ ಮರಳುವ ಮೊದಲು ಟೆಕ್ಸಸ್‌ನಲ್ಲಿರುವ ಗೆಳತಿಯನ್ನು ನೋಡಿಕೊಂಡು ಹೋಗುತ್ತೇನೆ ಎಂದೆ. ಇಂಗಾ ಎದ್ದು ಹೋಗಿ ನನ್ನ ಮೊಣಕೈಯಿಂದ ಬೆರಳ ತುದಿಯವರೆಗೆ ಬರುವ ಒಂದು ಒಣ ಕಾಡ್ ಮೀನನ್ನು ತಂದಿಟ್ಟಳು. ಬಾಲಕ್ಕೆ ಕೆಂಪು ಉಣ್ಣೆಯ ದಾರ. ಜೊತೆಗೆ ದಾರಿಬುತ್ತಿ ಎಂಬಂತೆ, ಆಗಲೇ ಬಡಿದು ಚೂರು ಮಾಡಿದ ಮೀನಿನ ನಾಲ್ಕಾರು ಪೊಟ್ಟಣ.

"ಅಪ್ಪ ಕೊಡಬೇಕಾಗಿದ್ದದ್ದು. ನಾನು ಕೊಡುತ್ತಿದ್ದೇನೆ" ಎಂದಳು. "ಅವಳು ಇದನ್ನು ಬಡಿದು ತಿಂದರೆ ಸಿಟ್ಟು ಇಳಿದಿದೆ, ಬರುತ್ತಾಳೆ. ಬಡಿಯದೆ ಹಾಗೇ ಇಟ್ಟರೆ ಬರುವುದಿಲ್ಲ. ನೋಡಿ ಹೇಳು. ನಮಗಿಬ್ಬರಿಗೂ ಇನ್ನು ಹೆಚ್ಚು ಚಳಿಗಾಲಗಳಿಲ್ಲ."

ಡಲ್ಲಾಸ್ ವಿಮಾನ ನಿಲ್ದಾಣ

ಡಲ್ಲಾಸ್‌ನ ವಿಮಾನ ನಿಲ್ದಾಣ ಎಷ್ಟು ದೊಡ್ಡದೆಂದರೆ ಅದರೊಳಗೇ ರೈಲು ಓಡುತ್ತದೆ. ಕೆಫ್ಲವಿಕ್ ಊರಿಗೆ ಊರೇ ಅದರ ಕಾರ್ ಪಾರ್ಕಿಂಗಿನಲ್ಲಿ ಕೂತು ಕಾಲು ಚಾಚಬಹುದು. ಲಗೇಜ್ ಬರುವ ಜಾಗದಲ್ಲಿ ಹಸಿರು ಅಂಗಿ ತೊಟ್ಟ ಒಂದು ಪುಟ್ಟ ನಾಯಿ ಎಲ್ಲರ ಸೂಟ್‌ಕೇಸ್ ಮೂಸುತ್ತ ಬರುತ್ತಿತ್ತು. ನನ್ನ ಸೂಟ್‌ಕೇಸ್ ಹತ್ತಿರ ಬಂದದ್ದೇ ಮುಂದೆ ಹೋಗಲೊಲ್ಲದೆ ಕೂತುಬಿಟ್ಟಿತು. ಬಾಲ ಅಲ್ಲಾಡಿಸಿತು. ಆಮೇಲೆ ಮಲಗಿಯೇಬಿಟ್ಟಿತು.

"ಮೀನು" ಎಂದು ನಾನು ಮೊದಲೇ ಕಸ್ಟಮ್ಸ್ ಚೀಟಿಯಲ್ಲಿ ಬರೆದುಕೊಟ್ಟಿದ್ದೆ. ಆದರೂ ಅಧಿಕಾರಿ ಬಿಚ್ಚಿಸಿ, ಬೆರಳಿನಿಂದ ಟಕಟಕ ಕುಟ್ಟಿ ನೋಡಿದ.

"ಮ್ಯಾಮ್, ಇದು ತಿನ್ನುವುದೇ?"

"ಬಡಿದ ಮೇಲೆ."

"ಯಾರು ಬಡಿಯುವುದು?"

"ಅದು ಗೊತ್ತಿಲ್ಲ. ಅದನ್ನು ನೋಡುವುದಕ್ಕೇ ಬಂದಿದ್ದೇನೆ."

ಅವನು ಮೀನನ್ನು ತಿರುಗಿ ಸೂಟ್‌ಕೇಸಿನಲ್ಲಿಟ್ಟ. ಆಮೇಲೆ ಗಂಭೀರವಾಗಿ, "ವೆಲ್‌ಕಮ್ ಟು ಟೆಕ್ಸಸ್" ಎಂದ. ನಾಯಿಯನ್ನು ಎಳೆದುಕೊಂಡು ಹೋಗಲು ಇಬ್ಬರು ಬೇಕಾಯಿತು.

ಫ್ಲವರ್ ಮೌಂಡ್

ಗೆಳತಿ ಶೈಲಜಾ ಮೈಸೂರಿನವಳು. ಓದುವಾಗ ಹಾಸ್ಟೆಲಿನಲ್ಲಿ ನನ್ನ ರೂಮ್‌ಮೇಟ್. ಆಗಲೂ ನಾನು ಊರಿನಿಂದ ಬಂದ ದಿನ ಮೂಗಿಗೆ ಕರ್ಚೀಫು ಕಟ್ಟಿಕೊಂಡೇ ಬಾಗಿಲು ತೆರೆಯುತ್ತಿದ್ದಳು. ಈಗ ಅವಳ ಮನೆ ಇರುವುದು ವಿಮಾನ ನಿಲ್ದಾಣದ ಮಗ್ಗುಲಿನ ಊರಿನಲ್ಲಿ. ಹೂವಿನ ದಿಬ್ಬ ಎಂಬ ಅರ್ಥದ ಆ ಊರಿನಲ್ಲಿ ನಾನು ಕಂಡದ್ದು ನೆತ್ತಿಯ ಮೇಲಿನ ವಿಮಾನ, ಕೆಳಗೆ ಒಂದೇ ಅಚ್ಚಿನ ಮನೆಗಳು, ಪ್ರತಿ ಮೂರನೇ ಮನೆಯ ಮುಂದೆ ರಂಗೋಲಿಯ ಸ್ಟಿಕ್ಕರ್. ವಿಮಾನದ ಸದ್ದಿಗೆ ಅಲ್ಲಿ ಯಾರೂ ತಲೆ ಎತ್ತುವುದಿಲ್ಲ. ಕೆಫ್ಲವಿಕ್‌ನಲ್ಲೂ ಎತ್ತುವುದಿಲ್ಲ. ನಾನು ಮಾತ್ರ ಎರಡೂ ಕಡೆ ಬಾಯಿ ತೆರೆದು ಮೇಲೆ ನೋಡಿದೆ.

"ಬಾರೇ, ಎಷ್ಟು ವರ್ಷ ಆಯ್ತೇ!" ಎಂದು ಅಪ್ಪಿಕೊಂಡವಳು ತಟ್ಟನೆ ಹಿಂದೆ ಸರಿದಳು. "ಅಯ್ಯೋ ರಾಮ. ಏನೇ ತಂದಿದ್ದೀಯ?"

ಹೇಳಿದೆ. ಇಡೀ ಕತೆ ಹೇಳಿದೆ. ಕೇಳಿ ಅವಳ ಕಣ್ಣಲ್ಲಿ ನೀರು ಬಂತು. ಕಣ್ಣೊರೆಸಿಕೊಂಡು, "ಪಾಪ ಕಣೇ ಆ ಅಜ್ಜಿ. ಆದ್ರೆ ಅದು ಮನೆಯೊಳಗೆ ಬರಬಾರದು" ಎಂದಳು.

ಮೀನಿಗೆ ಗ್ಯಾರೇಜಿನಲ್ಲಿ ಜಾಗ ಸಿಕ್ಕಿತು. ಗ್ಯಾರೇಜಿನಿಂದ ವಾಸನೆ ಬರುತ್ತದೆಂದು ಶೈಲಜಾ ಅಡುಗೆಮನೆಯ ಪ್ಲಾಸ್ಟಿಕ್ ಸುರುಳಿಯೊಂದನ್ನು ತಂದು ದೊಡ್ಡ ಮೀನಿಗೆ ಸುತ್ತತೊಡಗಿದಳು. ಸುರುಳಿ ಮುಗಿಯುವವರೆಗೂ ಸುತ್ತಿದಳು. ಮೇಲೆ ಕಂದು ಕಾಗದ, ಅದರ ಮೇಲೆ ಟೇಪು. ಬಾಲ ಕಾಣಲಿಲ್ಲ, ಕೆಂಪು ದಾರವೂ ಕಾಣಲಿಲ್ಲ. ಅಷ್ಟಾದ ಮೇಲೆ ಒಂದು ಊದುಬತ್ತಿ ಹಚ್ಚಿ ಎದುರಿಗಿಟ್ಟಳು. ಹೈಸ್ಕೂಲು ಓದುವ ಮಗಳು ಅನಘಾ ಬಾಗಿಲಲ್ಲಿ ನಿಂತು ನೋಡಿ, "ಅಮ್ಮಾ, ಆರ್ ವಿ ವರ್ಶಿಪಿಂಗ್ ಇಟ್ ನೌ?" ಎಂದಳು. ಅಮ್ಮ, "ಸುಮ್ನೆ ಹೋಗೇ ಒಳಗೆ" ಎಂದು ಗದರಿದಳು.

ಶೈಲಜಾ ಆ ಸುತ್ತುವ ಕೆಲಸವನ್ನು ಅಷ್ಟು ಚೆನ್ನಾಗಿ ಮಾಡದಿದ್ದರೆ ನನಗೆ ಮುಂದಿನ ಪಾಡು ಬರುತ್ತಿರಲಿಲ್ಲ.

ಆಸ್ಟಿನ್

ಶೈಲಜಾಳಿಗೆ ಆಸ್ಟಿನ್‌ನಲ್ಲಿ ಆಫೀಸಿನ ಕೆಲಸವಿತ್ತು. ನಾನೂ ಮೀನೂ ಅವಳ ಕಾರಿನಲ್ಲಿ ಹೊರಟೆವು. ಟೆಕ್ಸಸ್‌ನ ಹೆದ್ದಾರಿಯಲ್ಲಿ ಡ್ರೈವ್ ಮಾಡುವುದೆಂದರೆ ನೇರ ಹೋಗುವುದು, ಅಷ್ಟೆ. ತಿರುವೇ ಇಲ್ಲ. ನಮ್ಮ ಘಾಟಿಯ ಬಸ್ಸಿನವರಿಗೆ ಅಲ್ಲಿ ನಿದ್ದೆ ಬರುತ್ತದೆ.

ಆಸ್ಟಿನ್‌ನಲ್ಲಿ ನನಗೆ ಉಳಿಯಲು ಜಾಗ ಕೊಟ್ಟದ್ದು ನನ್ನ ಹಳೆಯ ವಿದ್ಯಾರ್ಥಿನಿ, ಶಿರ್ವದ ಜೆಸಿಂತಾ. ಅವಳ ಜೊತೆಗೆ ಉಳ್ಳಾಲದ ನಫೀಸಾ ಮತ್ತು ಹುಬ್ಬಳ್ಳಿಯ ಪಲ್ಲವಿ. ಮೂವರೂ ಅಲ್ಲಿನ ಯೂನಿವರ್ಸಿಟಿಯಲ್ಲಿ ಓದುವವರು. ನಾನು ಮೀನಿನ ಚೀಲವನ್ನು ಅವರ ಕೈಗೆ ಕೊಟ್ಟು, "ಇದು ಅಡುಗೆಮನೆಯಲ್ಲಿರ್ಲಿ" ಎಂದೆ. ಶೈಲಜಾ ಹಾರ್ನ್ ಹೊಡೆಯುತ್ತಿದ್ದಳು. ದ ಡೊಮೇನ್ ತೋರಿಸುತ್ತೇನೆಂದು ಹೊರಟಿದ್ದಳು. ಹೆಚ್ಚು ಹೇಳಲು ಪುರುಸೊತ್ತಾಗಲಿಲ್ಲ.

ಡೊಮೇನ್ ಎಂದರೆ ಅಂಗಡಿ ಮತ್ತು ಆಫೀಸುಗಳ ಬೀದಿ. ಅಲ್ಲಿ ನಾಯಿಗಳಿಗೆ ಕೇಕಿನ ಅಂಗಡಿ ಇದೆ. ನಾಯಿಯ ಹುಟ್ಟುಹಬ್ಬಕ್ಕೆ ಬಂದಿದ್ದ ಒಬ್ಬಾತ ನನಗೂ ಒಂದು ತುಂಡು ಕೊಟ್ಟ. ಬೇಡವೆನ್ನುವುದು ಹೇಗೆಂದು ತಿಂದೆ. ಉಪ್ಪು ಸಾಲದು, ಉಳಿದಂತೆ ತೊಂದರೆಯಿಲ್ಲ.

ಸಂಜೆ ಮರಳಿ ಬಂದರೆ ಮೆಟ್ಟಿಲಲ್ಲೇ ಘಮ. ಸುಟ್ಟ ಒಣಮೀನು, ಹುರಿದ ಕೆಂಪುಮೆಣಸು, ತೆಂಗಿನಕಾಯಿ, ಹುಳಿ. ಐಸ್‌ಲ್ಯಾಂಡ್‌ನಲ್ಲಿ ಬೆಣ್ಣೆ ಹಚ್ಚಿದ ಮೀನು ತಿಂದು ತಿಂದು ಜಡ್ಡುಗಟ್ಟಿದ್ದ ನನ್ನ ನಾಲಿಗೆ ಬಾಲವಾಡಿಸಿತು. ಕುಚ್ಚಲಕ್ಕಿ ಗಂಜಿಗೆ ಒಣಮೀನಿನ ಚಟ್ನಿ! ಎರಡು ಸಲ ಹಾಕಿಸಿಕೊಂಡೆ. ಬೆರಳು ನೆಕ್ಕಿದೆ.

"ಏನು ಮೀನು ಮಾರಾಯ್ತಿ ಇದು! ಎಂಥ ಬಿಳಿ, ಎಂಥ ರುಚಿ. ಇಲ್ಲಿ ಯಾವ ಅಂಗಡಿಯಲ್ಲಿ ಸಿಗ್ತದೆ?"

ಜೆಸಿಂತಾ ನಕ್ಕಳು. "ಎಂತ ಮೇಡಂ, ತಮಾಷೆ ಮಾಡ್ತೀರಾ? ನೀವು ತಂದದ್ದೇ ಅಲ್ವಾ?"

ಗಂಜಿಯ ತಟ್ಟೆ ಕೈಯಲ್ಲೇ ನಿಂತಿತು. ಇಪ್ಪತ್ತು ವರ್ಷದಿಂದ ಮೀನಿನ ಪಾಠ ಮಾಡುವ ನನಗೆ ನಾನೇ ಹೊತ್ತು ತಂದ ಮೀನಿನ ಗುರುತು ಸಿಗಲಿಲ್ಲ.

"ಅದು ನಿಮಗೆ ತಂದದ್ದಲ್ಲ!"

"ಅಡುಗೆಮನೆಯಲ್ಲಿರ್ಲಿ ಅಂದ್ರಲ್ಲ ಮೇಡಂ" ಎಂದಳು ನಫೀಸಾ, ಅಳುವಂತಾಗಿ. "ಊರಿಂದ ಬಂದವ್ರು ಒಣಮೀನು ಕೊಟ್ಟು ಹಾಗೆ ಹೇಳಿದ್ರೆ ಮತ್ತೆ ಎಂತ ಅರ್ಥ?"

ಅವಳ ಮಾತಿನಲ್ಲಿ ತಪ್ಪಿಲ್ಲ. ನಮ್ಮ ಕರಾವಳಿಯಲ್ಲಿ ಅದಕ್ಕೆ ಬೇರೆ ಅರ್ಥವೇ ಇಲ್ಲ. ಹೋದರೆ ಹೋಯಿತು, ಪೊಟ್ಟಣಗಳು ತಾನೇ, ದೊಡ್ಡದಿದೆಯಲ್ಲ ಎಂದು ಎದೆ ಗಟ್ಟಿ ಮಾಡಿಕೊಂಡು ಚೀಲ ನೋಡಿದೆ. ಚೀಲ ಖಾಲಿ.

"ಅದರಲ್ಲಿ ಕಂದು ಕಾಗದ ಸುತ್ತಿದ್ದು ಒಂದಿತ್ತಲ್ಲ, ಉದ್ದದ್ದು?"

ಇಬ್ಬರೂ ಮುಖ ಮುಖ ನೋಡಿಕೊಂಡರು. ಪೊಟ್ಟಣ ತೆಗೆದುಕೊಂಡು ಚೀಲವನ್ನು ಪಲ್ಲವಿಯ ಕೈಗೆ ಕೊಟ್ಟಿದ್ದರಂತೆ. ಪಲ್ಲವಿ ಸಸ್ಯಾಹಾರಿ. ಮೀನು ಸುಡತೊಡಗಿದ ಕೂಡಲೇ, "ನಾ ಲೈಬ್ರರಿಗೆ ಹೊಂಟೇನಿ, ಅಲ್ಲಿಂದ ಗೆಳತಿ ಮನಿಗೆ" ಎಂದು ಓಡಿಹೋಗಿದ್ದಳು. ಫೋನ್ ಮಾಡಿದರೆ ತೆಗೆಯಲಿಲ್ಲ. ಪ್ಯಾಕಿಂಗ್ ಎಂದುಕೊಂಡು ಎಸೆದಿರಬೇಕು ಎಂದು ಜೆಸಿಂತಾ ಮೆಲ್ಲಗೆ ಹೇಳಿದಳು. ನನಗೆ ಇಂಗಾಳ ಮುಖ ಕಣ್ಣ ಮುಂದೆ ಬಂತು.

ಮೂವರೂ ಕೆಳಗಿಳಿದು ಅಪಾರ್ಟ್‌ಮೆಂಟಿನ ರೀಸೈಕಲ್ ತೊಟ್ಟಿಯ ಮುಂದೆ ನಿಂತೆವು. ತೊಟ್ಟಿ ನನಗಿಂತ ಎತ್ತರ. ಅಷ್ಟರಲ್ಲಿ ಆರಡಿಯ ಗಂಡಸೊಬ್ಬ, ದೊಡ್ಡ ಟೋಪಿ, ಬೂಟು, ಕಾರು ನಿಲ್ಲಿಸಿ ಬಂದ. "ಏನು ಕಳೆದಿದೆ ಮ್ಯಾಮ್? ಉಂಗುರವೇ?"

"ಮೀನು."

ಟೆಕ್ಸಸ್‌ನವರ ಒಂದು ಗುಣ ನಾನು ಎಂದಿಗೂ ಮರೆಯುವುದಿಲ್ಲ. ಯಾಕೆ ಎಂದು ಕೇಳುವ ಮೊದಲು ಸಹಾಯಕ್ಕೆ ಇಳಿಯುತ್ತಾರೆ. ಅವನು ಟೋಪಿಯನ್ನು ನನ್ನ ಕೈಗೆ ಕೊಟ್ಟು ತೊಟ್ಟಿಯೊಳಗೆ ಹಾರಿದ. ಒಳಗಿನಿಂದ ಪಿಜ್ಜಾ ಡಬ್ಬ, ಹಾಲಿನ ಕ್ಯಾನು, ಮುರಿದ ಗಿಟಾರ್ ಎಲ್ಲವೂ ಬಂದವು. "ಇದೇ? ಇದೇ?" ಎಂದು ಒಂದೊಂದನ್ನೂ ಎತ್ತಿ ತೋರಿಸುತ್ತಿದ್ದ. ಮೀನು ಬರಲಿಲ್ಲ. ಅವನೇ ನಮಗಿಂತ ಬೇಜಾರು ಮಾಡಿಕೊಂಡು, ಮುಂದಿನ ಸಲ ಮೀನು ಹಿಡಿಯಲು ತನ್ನ ದೋಣಿಯಲ್ಲಿ ಕರೆದುಕೊಂಡು ಹೋಗುವುದಾಗಿ ಮಾತು ಕೊಟ್ಟು ಹೋದ.

ಆಸ್ಟಿನ್, ಮರುದಿನ ಬೆಳಿಗ್ಗೆ

ನಡುಮನೆಯ ಸೋಫಾದ ಮೇಲೆ ಎದ್ದು ಕೂತು, ಇಂಗಾಳಿಗೆ ಏನೆಂದು ಹೇಳುವುದು ಎಂದು ತಲೆಗೆ ಕೈ ಹೊತ್ತಿದ್ದೆ. ಚಟ್ನಿ ಮಾಡಿ ತಿಂದೆವು ಅನ್ನಲೇ? ಎಷ್ಟೋ ಕಾಲ ಕಾದು ಕಳಿಸಿದ ಮೀನು ಪಿಜ್ಜಾ ಡಬ್ಬದ ಜೊತೆ ಹೋಯಿತು ಅನ್ನಲೇ? ನಿಜವಾಗಿ ಅಳು ಬಂತು. ಆಗ ಪಲ್ಲವಿ ಬಾಗಿಲು ತೆರೆದುಕೊಂಡು ಬಂದಳು.

"ನಿದ್ದಿ ಬಂತಿಲ್ರಿ ಮೇಡಂ? ಸೋಫಾ ಅಲ್ಲಾಡಲಿಲ್ಲಲ್ಲ? ಅದರ ಒಂದು ಕಾಲು ಮುರದೈತ್ರಿ. ನೀವು ಬೀಳಬಾರದಂತ ನಾ ಬುಡಕ ಒಂದು ಕಟಗಿ ಇಟ್ಟು ಹೋಗಿದ್ದೆ."

ನಾನು ನಿಧಾನವಾಗಿ ಎದ್ದೆ. ನಿಧಾನವಾಗಿ ಬಗ್ಗಿದೆ. ಮುರಿದ ಕಾಲಿನ ಜಾಗದಲ್ಲಿ ಕಂದು ಕಾಗದ ಸುತ್ತಿದ ಕೆಫ್ಲವಿಕ್, ಸೋಫಾವನ್ನೂ ನನ್ನನ್ನೂ ಹೊತ್ತುಕೊಂಡು ತಣ್ಣಗೆ ಮಲಗಿತ್ತು.

"ಪಲ್ಲವೀ! ಅದು ಮೀನು!"

"ಏನಂದ್ರಿ?" ಅವಳು ಎರಡೂ ಕೈಯನ್ನು ದೂರ ಹಿಡಿದುಕೊಂಡಳು. "ಯವ್ವಾ! ನಾ ಅದನ್ನ ಎತ್ತಿಕೊಂಡು ಬಂದೇನ್ರಿ! ಎದೀಗೆ ಹಿಡಕೊಂಡು ಬಂದೇನ್ರಿ!"

ಅವಳು ಸ್ನಾನದ ಮನೆಗೆ ಓಡಿದಳು. ಜೆಸಿಂತಾ ನೆಲದ ಮೇಲೆ ಬಿದ್ದು ಹೊರಳಾಡಿ ನಕ್ಕಳು. ನಾನು ಆ ಮೀನನ್ನು ತಬ್ಬಿಕೊಂಡು ನಡುಮನೆಯ ತುಂಬ ಕುಣಿದೆ. ನನ್ನ ವಯಸ್ಸಿಗೂ ಉದ್ಯೋಗಕ್ಕೂ ತಕ್ಕುದಲ್ಲ, ಆದರೆ ಕುಣಿದೆ. ಕರಾವಳಿಯ ಇಬ್ಬರ ಕಣ್ಣಿಗೆ ಬಿದ್ದಿದ್ದರೆ ಅದು ಚಟ್ನಿಯಾಗುತ್ತಿತ್ತು. ಮೀನೆಂದರೆ ಏನೆಂದೇ ತಿಳಿಯದ ಹುಬ್ಬಳ್ಳಿ ಹುಡುಗಿಯಿಂದ ಉಳಿಯಿತು. ಹೊರಡುವಾಗ ಜೆಸಿಂತಾ ಪ್ರಾಯಶ್ಚಿತ್ತವೆಂಬಂತೆ ಉಳಿದ ಚಟ್ನಿಯನ್ನು ಬಾಟಲಿಗೆ ತುಂಬಿ ಕೊಟ್ಟಳು.

ಕ್ಲಿಯರ್ ಲೇಕ್

ಹುಲ್ಡಾಳ ಊರಿಗೆ ಹತ್ತಿರದ ಹ್ಯೂಸ್ಟನ್‌ಗೆ ಬಸ್ಸಿನಲ್ಲಿ ಹೋದೆ. ಮೀನು ನನ್ನ ತೊಡೆಯ ಮೇಲೆ. ಅಲ್ಲಿ ಕಾದಿದ್ದವರು ಶೈಲಜಾಳ ಸೋದರಮಾವ ಮೂರ್ತಿ ಅಂಕಲ್. ಬಾಹ್ಯಾಕಾಶದ ಕೆಲಸದಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದವರು, ಕ್ಲಿಯರ್ ಲೇಕ್‌ನಲ್ಲಿ ಮನೆ. ಕತೆ ಕೇಳಿದವರೇ ಗ್ಯಾರೇಜಿಗೆ ನುಗ್ಗಿ ನಾಲ್ಕು ಬಗೆಯ ಸುತ್ತಿಗೆ, ಒಂದು ಮರದ ದಿಮ್ಮಿ, ಕಣ್ಣಿಗೆ ಚೂರು ಸಿಡಿಯದಂತೆ ಹಾಕುವ ಕನ್ನಡಕ ಎಲ್ಲವನ್ನೂ ಕಾರಿಗೆ ತುಂಬಿದರು.

"ಅಂಕಲ್, ಮೀನು ಬಡಿಯೋಕೆ ಇಷ್ಟೆಲ್ಲ ಬೇಕಾ?"

"ನೋಡಮ್ಮಾ, ನಾನು ಜೀವನದಲ್ಲಿ ಏನೇನೋ ಟೆಸ್ಟ್ ಮಾಡಿದ್ದೀನಿ. ಇದನ್ನ ಮಾಡಿಲ್ಲ. ಪ್ರಿಪೇರ್ ಆಗಿ ಹೋಗೋಣ."

ಹುಲ್ಡಾಳ ಮನೆ ಇದ್ದದ್ದು ಕೊಲ್ಲಿಯ ದಂಡೆಯಲ್ಲಿ. ಎದುರಿಗೆ ಸಿಗಡಿ ಹಿಡಿಯುವ ದೋಣಿಗಳು, ಅವುಗಳ ಮೇಲೆ ಬೆಳ್ಳಕ್ಕಿಗಳು. ಹೊರಗೆ ಬೆವರು ಧಾರೆಧಾರೆಯಾಗಿ ಇಳಿಯುತ್ತಿದ್ದರೆ ಬಾಗಿಲು ತೆರೆದ ಕೂಡಲೇ ಹಲ್ಲು ಕಟಕಟಿಸಿತು. ಏಸಿಯನ್ನು ಅಷ್ಟು ತಣ್ಣಗೆ ಇಟ್ಟಿದ್ದಳು. ಎಂಬತ್ತು ದಾಟಿದ ಎತ್ತರದ ಹೆಂಗಸು, ಇಂಗಾಳದೇ ಮೂಗು. ಗಂಡ ತೀರಿಕೊಂಡಿದ್ದಾನೆ.

"ಹಾರ್ಬರ್‌ನಲ್ಲಿ ದೋಣಿ ಎಷ್ಟಿವೆ?" ಕೂರುವ ಮೊದಲೇ ಕೇಳಿದಳು.

"ಕಡಿಮೆ."

"ವಿಮಾನ?"

"ತುಂಬಾ."

"ಇಲ್ಲಿಯೂ ಅದೇ ಕತೆ. ನಾನು ಬಂದಾಗ ಇದು ಸಿಗಡಿಯವರ ಊರು. ಆಮೇಲೆ ಚಂದ್ರನ ಹತ್ತಿರ ಹೋಗುವವರು ಬಂದರು" ಎಂದು ಮೂರ್ತಿ ಅಂಕಲ್ ಕಡೆ ಕೈ ತೋರಿಸಿದಳು. ಅಂಕಲ್ ತಪ್ಪಿತಸ್ಥರಂತೆ ನಕ್ಕರು.

ನಾನು ಪ್ಲಾಸ್ಟಿಕ್ ಬಿಚ್ಚತೊಡಗಿದೆ. ಶೈಲಜಾ ಸುತ್ತಿದ್ದು ಮುಗಿಯುವುದೇ ಇಲ್ಲ. ಕೊನೆಗೆ ಬಾಲ ಕಂಡಿತು, ಕೆಂಪು ದಾರ ಕಂಡಿತು. ಹುಲ್ಡಾ ಮೀನನ್ನು ತೆಗೆದುಕೊಂಡು ಮಗುವನ್ನು ಹಿಡಿಯುವಂತೆ ಮಡಿಲಲ್ಲಿಟ್ಟುಕೊಂಡಳು. ನಡುವೆ ಸೋಫಾ ಒತ್ತಿದ ತಗ್ಗಿತ್ತು. ಅದರ ಮೇಲೆ ಬೆರಳಾಡಿಸಿ ಇದೇನೆಂದು ಕೇಳಿದಳು. ನಾನು ಹೇಳಲೇಬೇಕಾಯಿತು, ನಾಯಿಯಿಂದ ಹಿಡಿದು ತೊಟ್ಟಿಯವರೆಗೆ. ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಚಟ್ನಿಯ ಬಾಟಲಿ ಕಸಿದುಕೊಂಡು, ಬ್ರೆಡ್ಡಿಗೆ ಬೆಣ್ಣೆ ಬಳಿದು, ಅದರ ಮೇಲೆ ಚಟ್ನಿ ಬಳಿದು ತಿಂದಳು. ಖಾರಕ್ಕೆ ಮುಖ ಟೊಮೆಟೊ ಆಯಿತು. ಮತ್ತೊಂದು ತುಂಡಿಗೆ ಬಳಿದುಕೊಂಡಳು.

ಮೂರ್ತಿ ಅಂಕಲ್ ಅಂಗಳದಲ್ಲಿ ದಿಮ್ಮಿ ಇಟ್ಟು, ಸುತ್ತಿಗೆಗಳನ್ನು ಸಾಲಾಗಿ ಜೋಡಿಸಿ, ಕನ್ನಡಕ ಹಾಕಿಕೊಂಡು ಬಂದರು. "ರೆಡಿ!"

ಹುಲ್ಡಾ ಸುತ್ತಿಗೆಗಳನ್ನು ನೋಡಿದಳು. ಮೀನನ್ನು ನೋಡಿದಳು. ತಲೆಯಾಡಿಸಿದಳು.

"ಇಲ್ಲ. ಇದನ್ನು ಬಡಿಯುವುದಿಲ್ಲ."

ಇಷ್ಟು ದೂರ ಹೊತ್ತು ತಂದದ್ದು ಇದನ್ನು ಕೇಳುವುದಕ್ಕೇ? ಮೊದಲೇ ಮಾತಾಗಿದ್ದಂತೆ ಇಂಗಾ ಅಲ್ಲಿ ಫೋನಿನ ಹತ್ತಿರ ಕಾದು ಕೂತಿದ್ದಳು. ಫೋನ್ ಮಾಡಿದೆ. ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟು ಹೇಳಿದೆ: ತಲುಪಿಸಿದೆ, ಅವಳು ಮಡಿಲಲ್ಲಿ ಇಟ್ಟುಕೊಂಡಿದ್ದಾಳೆ, ಆದರೆ ಬಡಿಯುವುದಿಲ್ಲವಂತೆ. ಆ ಕಡೆಯಿಂದ ತಗಡಿನ ಮೇಲೆ ಗಾಳಿ ಬೀಸುವುದು ಕೇಳಿಸಿತು.

"ಸರಿ" ಎಂದಳು ಇಂಗಾ. "ಥ್ಯಾಂಕ್ಯೂ."

ಹುಲ್ಡಾ ಫೋನಿನ ಕಡೆ ಬಗ್ಗಲಿಲ್ಲ. ನನ್ನನ್ನು ನೋಡಿಯೇ ಇಂಗ್ಲಿಷಿನಲ್ಲಿ, ಪಾಠ ತಪ್ಪು ಹೇಳಿದ ಮಗುವಿಗೆ ತಿಳಿಹೇಳುವಂತೆ ಹೇಳಿದಳು: "ಅವಳಿಗೆ ಹೇಳು. ಈ ಮೀನು ಹೊರಡುವವರಿಗೆ ಕೊಡುವುದು. ತಲುಪಿದ ಕಡೆ ಬಡಿಯುವುದು. ಇಲ್ಲಿಗೆ ನಾನು ಎಂದೋ ತಲುಪಿಯಾಯಿತು. ಈಗ ಕೈಗೆ ಕೊಟ್ಟಿದ್ದೀರಿ ಅಂದರೆ ನಾನು ಈಗ ಹೊರಡಬೇಕು. ಅಲ್ಲಿ ಹೋಗಿ ಬಡಿಯುತ್ತೇನೆ."

ನಾನು ಬಾಯಿ ತೆರೆದೆ. ಹೇಳುವ ಅಗತ್ಯವೇ ಬೀಳಲಿಲ್ಲ. ಫೋನಿನಲ್ಲಿ ಕುರ್ಚಿ ಉರುಳಿದ ಸದ್ದು. ಆಮೇಲೆ ಡ್ರಾಯರು ಎಳೆಯುವ ಸದ್ದು, ಪಾತ್ರೆ ಬೀಳುವ ಸದ್ದು, ಇಂಗಾ ತನ್ನಷ್ಟಕ್ಕೇ ಗೊಣಗುವ ಸದ್ದು. ಒಂದು ಚಳಿಗಾಲ ಆ ಅಡುಗೆಮನೆಯಲ್ಲಿ ಕಳೆದದ್ದರಿಂದ ಅವಳ ಭಾಷೆಯಲ್ಲಿ ನನಗೆ ಅಷ್ಟು ಅರ್ಥವಾಗುತ್ತದೆ. ಅಪ್ಪನ ಕೊಡತಿ, ಕೊಡತಿ ಎಲ್ಲಿಟ್ಟೆ, ಎಲ್ಲಿ ಹೋಯಿತು ಅದು.

ಮೇಜಿನ ಮೇಲಿನ ಫೋನಿನಿಂದ ಡ್ರಾಯರುಗಳು ತೆರೆದು ಮುಚ್ಚುತ್ತಲೇ ಇದ್ದವು. ಹುಲ್ಡಾ ತುಟಿ ಕಚ್ಚಿಕೊಂಡು ಕೇಳುತ್ತಿದ್ದಳು. ಕೊನೆಗೆ ತಡೆಯಲಾರದೆ, ಮೀನನ್ನು ಎದೆಗೊತ್ತಿಕೊಂಡು, ಫೋನಿನ ಮೇಲೆ ಪೂರ್ತಿ ಬಗ್ಗಿ, ತನ್ನ ಊರಿನ ಭಾಷೆಯಲ್ಲಿ ಕೂಗಿದಳು:

"ಒಲೆಯ ಹಿಂದೆ ನೋಡೇ, ಇಂಗಾ! ಅಪ್ಪ ಯಾವಾಗಲೂ ಒಲೆಯ ಹಿಂದೆ ಇಡುತ್ತಿದ್ದ!"